ಬಂದವರು ಒಳಗೇ, ಮಕ್ಕಳು ಮಾತ್ರ ಹೊರಗೆ

ಹೊರದೇಶದಿಂದ ತರಿಸಿದ ಜೀವಂತ ಕೀಟವನ್ನು ನೇರವಾಗಿ ಹೊಲಕ್ಕೆ ಬಿಡುವಂತಿಲ್ಲ. ಮೊದಲು ಅದು ಮುಚ್ಚಿದ ಕೋಣೆಯಲ್ಲಿ ಸಂಸಾರ ಹೂಡಬೇಕು. ಇದಕ್ಕೆ ಕ್ವಾರಂಟೈನ್ ಎಂದು ಹೆಸರು. ಕೊರೋನಾ ಕಾಲದಲ್ಲಿ ಊರೂರಿನ ಬಾಯಿಗೆ ಬಂದ ಅದೇ ಪದ. ಒಂದೇ ವ್ಯತ್ಯಾಸ: ಮನುಷ್ಯರಿಗೆ ಹದಿನಾಲ್ಕು ದಿನ ಕಳೆದ ಮೇಲೆ ಮನೆಗೆ ಹೋಗಲು ಬಿಟ್ಟರು, ದೂರದಿಂದ ಬಂದ ಕೀಟಕ್ಕೆ ಸಾಮಾನ್ಯವಾಗಿ ಬಿಡುಗಡೆಯೇ ಇಲ್ಲ. ಕೋಣೆಯೊಳಗೆ ಅದಕ್ಕೆ ಹುಟ್ಟಿದ ಮಕ್ಕಳು, ಮೊಮ್ಮಕ್ಕಳು ಮಾತ್ರ ಹೊರಗಿನ ಬಿಸಿಲು ಕಾಣುತ್ತವೆ.

ಬೇಕೆಂದೇ ಕೀಟ ತರಿಸುವುದೇಕೆ ಎಂದರೆ, ಬೇಡದ ಕೀಟ, ಬೇಡದ ಕಳೆ ಈಗಾಗಲೇ ಬಂದುಬಿಟ್ಟಿರುತ್ತವೆ. ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹತ್ತುವ ದಾರಿಯಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. ರಸ್ತೆ ಅಂಚಿನ ಲಂಟಾನ ಅಮೆರಿಕ ಖಂಡದ್ದು. ಕಾಫಿಯ ಮೂಲ ಆಫ್ರಿಕಾ. ಅದರ ಹಣ್ಣು ಕೊರೆಯುವ ಬೆರಿ ಬೋರರ್ ಕೂಡ ಅಲ್ಲಿಯದೇ. ಕಾಫಿ ಬಾಬಾಬುಡನ್‌ಗಿರಿಗೆ ಶತಮಾನಗಳ ಹಿಂದೆಯೇ ಬಂತು. ಬೋರರ್ ಮಾತ್ರ ದೇಶದಲ್ಲಿ ಕಾಣಿಸಿಕೊಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಇಂಥವು ತವರಿನ ಶತ್ರುಗಳನ್ನು ಅಲ್ಲೇ ಬಿಟ್ಟು ಬರುವುದರಿಂದ ಇಲ್ಲಿ ಹೇಳುವವರು ಕೇಳುವವರು ಇರುವುದಿಲ್ಲ. ಆ ಶತ್ರುವನ್ನು ಹುಡುಕಿ ತರುವುದೇ ಜೈವಿಕ ನಿಯಂತ್ರಣ.

ಈ ವಿದ್ಯೆಗೆ ಭಾರತದಲ್ಲಿ ನಾಂದಿಯಾದದ್ದು ಒಂದು ಎಡವಟ್ಟು. ಕಿರಮಂಜಿ ಬಣ್ಣ ಕೊಡುವ ಕೊಚಿನೀಲ್ ಕೀಟ ಸಿಕ್ಕಿತೆಂದು ನಂಬಿ 1795ರಲ್ಲಿ ಬ್ರೆಜಿಲ್‌ನಿಂದ ತಂದದ್ದು ಅದರ ದಾಯಾದಿ ಜಾತಿಯನ್ನು. ಬಣ್ಣ ಸಿಗಲಿಲ್ಲ, ಆ ಕೀಟ ಪಾಪಾಸುಕಳ್ಳಿಯ ಮೆಳೆಗಳನ್ನು ತಿಂದು ಮುಗಿಸಿತು. ಕಳ್ಳಿ ಹೋದದ್ದು ಲಾಭವೇ. ಆದರೆ ತಂದದ್ದು ಏನೆಂದು ತಂದವರಿಗೇ ಗೊತ್ತಿರಲಿಲ್ಲ. 1941ರ ಕಥೆಯಲ್ಲಿ ಅಷ್ಟು ಅದೃಷ್ಟವಿಲ್ಲ. ಲಂಟಾನ ಹತ್ತಿಕ್ಕಲು ಆಸ್ಟ್ರೇಲಿಯಾದಿಂದ ಡೆಹ್ರಾಡೂನ್‌ಗೆ ತಿಗಣೆಯೊಂದನ್ನು ತರಿಸಿದರು. ಪರೀಕ್ಷೆಯಲ್ಲಿ ಅದು ತೇಗಕ್ಕೂ ಬಾಯಿ ಹಾಕಿತು. ಸಾಕಿದ್ದನ್ನೆಲ್ಲ ನಾಶಮಾಡಲಾಯಿತು. ಹತ್ತು ವರ್ಷದ ಮೇಲೆ, 1951ರಲ್ಲಿ, ಅದೇ ತಿಗಣೆ ಡೆಹ್ರಾಡೂನ್ ಸುತ್ತಿನ ಬಯಲಲ್ಲಿ ಸಿಕ್ಕಿತು. ಯಾವುದೋ ಸಂದಿಯಿಂದ ಅದು ಮೊದಲೇ ಪಾರಾಗಿತ್ತು.

ಕರ್ನಾಟಕದಲ್ಲಿ ಈ ಕೆಲಸದ ಮೂಲಸ್ಥಾನ ಬೆಂಗಳೂರು. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಇಲ್ಲಿ ಶುರುವಾದದ್ದು 1957ರಲ್ಲಿ. ಆ ಪರಂಪರೆಯನ್ನು ಈಗ ಮುಂದುವರಿಸುತ್ತಿರುವುದು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ತರಿಸುವ ಮುನ್ನ ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ಸಲಹೆಗಾರರ ಪರವಾನಗಿ ಬೇಕು. ಸದ್ಯಕ್ಕೆ ಆಧಾರ 2003ರ ಸಸ್ಯ ಕ್ವಾರಂಟೈನ್ ಆದೇಶ.

ಕ್ವಾರಂಟೈನ್ ಕೋಣೆಯ ರಚನೆ ಕೀಟದ ಸ್ವಭಾವವನ್ನೇ ನೆಚ್ಚಿಕೊಂಡಿದೆ. ಹಾರುವ ಹುಳ ಬೆಳಕಿನ ಕಡೆ ಓಡುತ್ತದೆ. ಆದ್ದರಿಂದ ಎರಡು ಬಾಗಿಲುಗಳ ನಡುವಿನ ಪುಟ್ಟ ಅಂಕಣವನ್ನು ಕತ್ತಲಾಗಿಡುತ್ತಾರೆ. ಒಂದು ಬಾಗಿಲು ಮುಚ್ಚದೆ ಇನ್ನೊಂದನ್ನು ತೆರೆಯುವಂತಿಲ್ಲ. ಗಾಳಿ ಬರುವ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ. ಕೆಲಸದವರ ಕೋಟು ಕೋಣೆಯಲ್ಲೇ ಉಳಿಯುತ್ತದೆ. ಪಾರ್ಸೆಲ್ ಬಿಚ್ಚುವುದೂ ಒಳಗೇ. ಅದರಲ್ಲಿ ಬಂದ ಎಲೆ, ಹತ್ತಿ, ಡಬ್ಬಿಯ ಚೂರು ಏನೇ ಇರಲಿ, ಸುಡುತ್ತಾರೆ ಇಲ್ಲವೇ ಹಬೆಯಲ್ಲಿ ಬೇಯಿಸುತ್ತಾರೆ.

ತಂದ ಕೀಟಕ್ಕಿಂತ ಹೆಚ್ಚು ಅಪಾಯ ಅದರ ಜೊತೆ ಕೇಳದೆ ಬಂದವುಗಳದ್ದು. ಹಿಟ್ಟು ತಿಗಣೆಯನ್ನು ಕೊಲ್ಲುವ ಕಣಜಗಳನ್ನು ಹೆಚ್ಚಾಗಿ ಸತ್ತು ಒಣಗಿದ ತಿಗಣೆಯೊಳಗಿನ ಕೋಶವಾಗಿಯೇ ಕಳಿಸುತ್ತಾರೆ. ಎಳ್ಳಿನಷ್ಟೂ ದೊಡ್ಡದಲ್ಲದ ಆ ಸಿಪ್ಪೆಗಳನ್ನು ಒಂದೊಂದಾಗಿ ಗಾಜಿನ ನಳಿಕೆಗೆ ಹಾಕಿ, ಬಾಯಿಗೆ ಹತ್ತಿ ತುರುಕಿ ಕಾಯುತ್ತಾರೆ. ಒಂದರಿಂದ ಬೇಕಾದ ಕಣಜ ಹೊರಬರುತ್ತದೆ. ಇನ್ನೊಂದರಿಂದ ಆ ಕಣಜವನ್ನೇ ಒಳಗೆ ತಿಂದು ಬೆಳೆದ ಬೇರೊಂದು ಕಣಜ ಬರಬಹುದು. ಕಳ್ಳನ ಮನೆಗೆ ಮಹಾಕಳ್ಳ. ಎರಡಕ್ಕೂ ನಾಲ್ಕು ರೆಕ್ಕೆ, ಎರಡೂ ಒಂದು ಮಿಲಿಮೀಟರ್ ಆಸುಪಾಸು. ಸೂಕ್ಷ್ಮದರ್ಶಕದ ಕೆಳಗೆ ಗುರುತಿಸಿ ಎರಡನೆಯದನ್ನು ಕೊಲ್ಲದಿದ್ದರೆ, ತರಿಸಿದ ಉಪಕಾರಿಯ ಶತ್ರುವೂ ಜೊತೆಗೇ ಬಿಡುಗಡೆಯಾಗುತ್ತದೆ. ತಲೆಮಾರು ದಾಟಿಸುವ ಗುಟ್ಟು ಇಲ್ಲಿದೆ. ಇಲ್ಲಿಯ ಶುದ್ಧ ಆಹಾರದ ಮೇಲೆ ಹುಟ್ಟಿದ ಮರಿಗೆ ತವರಿನ ರೋಗ, ಪರೋಪಜೀವಿ ಅಂಟಿರುವ ಸಂಭವ ಬಹಳ ಕಡಿಮೆ.

ಆಮೇಲಿನ ಪ್ರಶ್ನೆ, ಹಸಿದಾಗ ಅದು ಏನು ತಿನ್ನುತ್ತದೆ? ಕಾಂಗ್ರೆಸ್ ಗಿಡ ತಿನ್ನುವ ಜೈಗೋಗ್ರಾಮಾ ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ತಂದಾಗ ಹತ್ತಾರು ಬೆಳೆಗಳ ಎಲೆ ಮುಂದಿಟ್ಟು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲ ವರ್ಷದ ನಂತರ ಅದು ಸೂರ್ಯಕಾಂತಿ ತಿನ್ನುತ್ತಿದೆಯೆಂಬ ಗುಲ್ಲೆದ್ದಿತು. ತನಿಖಾ ಸಮಿತಿ ಬಂತು, ಬಿಡುಗಡೆ ನಿಂತಿತು. ಸೂರ್ಯಕಾಂತಿ ಎಲೆಯ ಮೇಲೆ ಬಿದ್ದ ಕಾಂಗ್ರೆಸ್ ಗಿಡದ ಪರಾಗವೇ ದುಂಬಿಯನ್ನು ಸೆಳೆದಿತ್ತು ಎಂಬುದು ಆಮೇಲೆ ತಿಳಿಯಿತು. ಕೋಣೆಯ ಪರೀಕ್ಷೆ ತಪ್ಪಿರಲಿಲ್ಲ. ಬಯಲಲ್ಲಿ ಗಾಳಿ ಬೀಸುತ್ತದೆ ಎಂಬುದಷ್ಟೇ ಅದರ ಲೆಕ್ಕಕ್ಕೆ ಬಂದಿರಲಿಲ್ಲ.

ಎಲ್ಲವೂ ಕೈಗೂಡಿದ ಉದಾಹರಣೆ ಪಪ್ಪಾಯಿ ಹಿಟ್ಟು ತಿಗಣೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಅದು ಕರ್ನಾಟಕದ ಹಿಪ್ಪುನೇರಳೆಗೂ ಹತ್ತಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳು ಬೆಂಗಳೂರಿಗೆ ಬಂದವು. ತಿಗಣೆ ಸಾಕಲು ಪಪ್ಪಾಯಿ ಗಿಡವೇ ಬೇಕೆಂದಿಲ್ಲ, ಮೊಳಕೆಯೊಡೆದ ಆಲೂಗಡ್ಡೆ ಸಾಕು. ತಿಗಣೆ ಹತ್ತಿದ ಆ ಮೊಳಕೆಗಳ ಮೇಲೆ ಕಣಜಗಳು ವೃದ್ಧಿಯಾದವು. ಅದೇ ವರ್ಷ ಹೊಲಕ್ಕೆ ಹೋದವು. ಮೂರರಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದೇ ಹೆಚ್ಚಿನ ಕೆಲಸ ಮುಗಿಸಿತು.

ಕಡಲ ಜೀವಿಗಳಿಗೂ ಕಟ್ಟಳೆ ಬೇರೆಯಲ್ಲ. ಸಮುದ್ರ ಸಂಶೋಧನೆಯ ಅಂತರರಾಷ್ಟ್ರೀಯ ಮಂಡಳಿ 1973ರಿಂದಲೇ ಹೇಳುತ್ತಿರುವುದು ಇದನ್ನೇ: ತಂದ ಸಿಂಪಿ, ಸೀಗಡಿ ಕ್ವಾರಂಟೈನ್‌ನಲ್ಲೇ ಉಳಿಯಲಿ, ಸಂತಾನ ಮಾತ್ರ ನೀರಿಗಿಳಿಯಲಿ. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಸಂತಾನದವರೆಗೆ ಕಾಯುವುದು ಸಾಧ್ಯವಿಲ್ಲ. ಅವರು ಕಾಲವನ್ನೇ ಔಷಧಿ ಮಾಡಿಕೊಳ್ಳುತ್ತಾರೆ. ಮೀನಿನ ರೋಗಕ್ಕೆ ಹಾಕುವ ತಾಮ್ರ ಸೀಗಡಿ, ಬಸವನಹುಳು, ಹವಳಕ್ಕೆ ವಿಷ. ಹೀಗಾಗಿ ಹೊಸದಾಗಿ ತಂದವನ್ನು ಮೀನಿಲ್ಲದ ಬೇರೆ ತೊಟ್ಟಿಯಲ್ಲಿ ಎರಡು ತಿಂಗಳಿಗೂ ಹೆಚ್ಚು ಇಡುತ್ತಾರೆ. ಚಿಪ್ಪಿಗೆ ಅಂಟಿ ಬಂದ ಬಿಳಿಚುಕ್ಕೆ ರೋಗದ ಕೋಶ ಒಡೆದು, ಮೀನು ಸಿಗದೆ ಸಾಯಲು ಅಷ್ಟು ಕಾಲ ಹಿಡಿಯುತ್ತದೆ. ಹವಳದ ಬುಡದ ಕಲ್ಲನ್ನು ಕತ್ತರಿಸಿ ಎಸೆಯುವವರೂ ಇದ್ದಾರೆ. ಏಕೆಂದರೆ ಔಷಧಿ ನೀರಿನಲ್ಲಿ ಅದ್ದಿದರೆ ಅಂಟಿ ಬಂದ ಹುಳ ಸಾಯುತ್ತದೆ, ಅದರ ಮೊಟ್ಟೆ ಸಾಯುವುದಿಲ್ಲ. ಕೀಟ ಬಂದ ಡಬ್ಬಿಯನ್ನು ಸುಡುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಮತ್ತೆ ಕಾಫಿ ತೋಟಕ್ಕೆ ಬಂದರೆ, ಅಲ್ಲಿನ ಬೋರರ್‌ಗಾಗಿ ಸೆಫಲೋನೋಮಿಯಾ ಎಂಬ ಕಣಜವನ್ನು 1995ರಲ್ಲಿ ಮೆಕ್ಸಿಕೋದಿಂದ ತರಿಸಲಾಯಿತು. ಅದರ ಮೂಲವೂ ಆಫ್ರಿಕಾವೇ. ಹಣ್ಣಿನ ತುದಿಯಲ್ಲಿ ಬೋರರ್ ಕೊರೆದ ಸೂಜಿ ತೂತಿನಿಂದಲೇ ಇದು ಒಳನುಗ್ಗಿ, ಮೊಟ್ಟೆಗಳನ್ನು ತಿಂದು, ಮರಿಗಳ ಮೈಮೇಲೆ ತನ್ನ ಮೊಟ್ಟೆಯಿಡುತ್ತದೆ. ಬೋರರ್ ಬಾಧೆಯಿರುವ ತೋಟದಲ್ಲಷ್ಟೇ ಇದರ ಬಾಳು.

ಬಿಡುಗಡೆಯಾದ ಮೇಲೂ ಕೋಣೆಯಲ್ಲಿ ಒಂದು ಕೆಲಸ ಉಳಿಯುತ್ತದೆ. ಬಿಟ್ಟ ತಳಿಯ ಕೆಲವನ್ನು ಸಾಯಿಸಿ, ತಂದ ಊರು ಮತ್ತು ತಾರೀಖಿನ ಚೀಟಿ ಹಚ್ಚಿ ಸಂಗ್ರಹಕ್ಕೆ ಸೇರಿಸುತ್ತಾರೆ. ಮುಂದೊಂದು ದಿನ ಹೊಲದಲ್ಲಿ ಅನುಮಾನದ ಹುಳ ಸಿಕ್ಕರೆ, ಅದು ನಾವು ಬಿಟ್ಟದ್ದೇ ಅಥವಾ ತಾನಾಗಿ ಬಂದದ್ದೇ ಎಂದು ಆ ಪೆಟ್ಟಿಗೆ ತೆರೆದು ಪಕ್ಕದಲ್ಲಿಟ್ಟು ನೋಡುತ್ತಾರೆ.