ಇಗ್ವಾನಾ ಗೂಡಿನಲ್ಲಿ ತೇವಾಂಶ ಎಷ್ಟಿರಬೇಕು?

ಇವತ್ತು ನಾನು ಮಾತಾಡೋದು ಸಾಕಿದ ಇಗ್ವಾನಾದ ಗೂಡಿನೊಳಗಿನ ತೇವಾಂಶದ ಬಗ್ಗೆ. ಊಟ, ಲೈಟು ಎಲ್ಲಾ ಸರಿಯಾಗಿ ನೋಡ್ಕೊಳ್ಳೋರೂ ಇದನ್ನ ಮರೀತಾರೆ. ಮರೆತರೆ ಕಳ್ಕೊಳ್ಳೋದು ಆ ಪ್ರಾಣಿಯ ಬೆರಳು, ಬಾಲದ ತುದಿ.

ಹೇಗೆ ಅಂತೀರಾ? ಹಸಿರು ಇಗ್ವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನ ಪ್ರಾಣಿ. ಗಾಳಿ ಒಣಗಿದ್ರೆ ಅದರ ಪೊರೆ ಪೂರ್ತಿ ಕಳಚಲ್ಲ. ಬೆರಳಿನ ಸುತ್ತ ಉಳಿದ ಪೊರೆ ದಾರ ಸುತ್ತಿದ ಹಾಗೆ ಬಿಗಿಯುತ್ತೆ. ರಕ್ತಸಂಚಾರ ನಿಂತು ಬೆರಳು ಕಪ್ಪಾಗಿ ಉದುರುತ್ತೆ. ಮೈಯಲ್ಲಿ ನೀರಿನಂಶ ಕಮ್ಮಿಯಾದ್ರೆ ಕಿಡ್ನಿಗೂ ಪೆಟ್ಟು.

ಗೂಡಿನಲ್ಲಿ ಸುಮಾರು ಶೇ. 65ರಿಂದ 75ರಷ್ಟು ತೇವಾಂಶ ಇರಬೇಕು. ಮಾರ್ಚ್ ಮಧ್ಯಾಹ್ನ ಬೆಂಗಳೂರಿನ ಗಾಳಿಯಲ್ಲಿ ಎಷ್ಟೋ ದಿನ ಇದರ ಅರ್ಧವೂ ಇರಲ್ಲ. ಹಾಗಾದ್ರೆ ತಂಪು ದಿನಗಳಲ್ಲಿ ಚಿಂತೆ ಇಲ್ವಾ? ಒಂದು ಲೆಕ್ಕ ಹೇಳ್ತೀನಿ. 20 ಡಿಗ್ರಿಯಲ್ಲಿ ಶೇ. 70 ತೇವಾಂಶ ಇರೋ ಗಾಳಿಯನ್ನ ಹೀಟ್ ಲ್ಯಾಂಪ್ ಹಾಕಿ 30 ಡಿಗ್ರಿಗೆ ಬಿಸಿ ಮಾಡಿ. ಒಳಗಿನ ನೀರಾವಿ ಅಷ್ಟೇ ಇರುತ್ತೆ. ಆದ್ರೆ ಬಿಸಿ ಗಾಳಿಗೆ ಹೆಚ್ಚು ಆವಿ ಹಿಡಿಯೋ ಶಕ್ತಿ ಇರೋದ್ರಿಂದ ತೇವಾಂಶ ಶೇ. 40ರ ಹತ್ತಿರ ಇಳಿಯುತ್ತೆ. ಅಂದ್ರೆ ಬೆಚ್ಚಗಿರ್ಲಿ ಅಂತ ಹಾಕಿದ ಲ್ಯಾಂಪೇ ಗೂಡನ್ನ ಒಣಗಿಸುತ್ತೆ.

ಏನ್ ಮಾಡ್ಬೇಕು? ಮೊದಲು ಎರಡು ಡಿಜಿಟಲ್ ಹೈಗ್ರೋಮೀಟರ್ ತಗೊಳ್ಳಿ. ಒಂದು ಬಿಸಿ ಬದಿಗೆ, ಇನ್ನೊಂದು ತಂಪು ಬದಿಗೆ. ಬೆಳಗ್ಗೆ, ಸಂಜೆ ನೀರು ಸಿಂಪಡಿಸಿ. ಅಗಲ ಬಾಯಿಯ ನೀರಿನ ಟಬ್ ಇಡಿ, ಆವಿ ಏಳ್ತಾ ಇರುತ್ತೆ. ಮೇಲೆ ಬರೀ ಜಾಲರಿ ಇದ್ರೆ ಲ್ಯಾಂಪ್ ಇಲ್ಲದ ಕಡೆ ಸ್ವಲ್ಪ ಭಾಗ ಮುಚ್ಚಿ.

ಪೂರ್ತಿ ಮಾತ್ರ ಮುಚ್ಚಬೇಡಿ. ಗಾಳಿಯಾಡದ ಕಡೆ ತೇವ ನಿಂತರೆ ಬೂಷ್ಟು ಹಿಡಿಯುತ್ತೆ. ಚರ್ಮ, ಶ್ವಾಸಕೋಶಕ್ಕೆ ಸೋಂಕು ಬರುತ್ತೆ. ಸಿಂಪಡಿಸಿದ ನೀರು ಕೆಲವು ಗಂಟೆಯಲ್ಲಿ ಆರಬೇಕು, ನೆಲ ಸದಾ ಪಚಪಚ ಅಂತಿರಬಾರದು.

ಬೆರಳಲ್ಲಿ ಪೊರೆ ಉಳಿದಿದೆಯಾ? ಕೈಯಿಂದ ಕೀಳಬೇಡಿ. ಉಗುರು ಬೆಚ್ಚಗಿನ, ಆಳ ಇಲ್ಲದ ನೀರಲ್ಲಿ 15-20 ನಿಮಿಷ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಬಿಡಲಿಲ್ಲ ಅಂದ್ರೆ ಮರುದಿನ ಮತ್ತೆ ಪ್ರಯತ್ನಿಸಿ. ಬೆರಳು ಊದಿದ್ರೆ ಅಥವಾ ಕಪ್ಪಾಗ್ತಿದ್ರೆ ಕಾಯಬೇಡಿ, ಸರೀಸೃಪಗಳನ್ನ ನೋಡೋ ಪಶುವೈದ್ಯರ ಹತ್ತಿರ ಅವತ್ತೇ ಹೋಗಿ.

ಇನ್ನೊಂದು ಮಾತು. ಇಗ್ವಾನಾ ಸಾಕೋರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಅಷ್ಟರೊಳಗೆ ನಿಮ್ಮ ಗೂಡಿನ ಮೀಟರ್ ಒಮ್ಮೆ ನೋಡಿ.