ಹಳೇ ಟ್ರ್ಯಾಕ್ಟರಿನ ಸ್ಟೇರಿಂಗ್ ಯಾಕೆ ಬಿಗಿ?

ಹಳೇ ಟ್ರ್ಯಾಕ್ಟರ್ ಕೊಳ್ಳಲು ಹೋದವರು ಮೊದಲು ಹೊಗೆಯ ಬಣ್ಣ ನೋಡುತ್ತಾರೆ. ಆಮೇಲೆ ಇಂಜಿನ್ ಸದ್ದಿಗೆ ಕಿವಿಗೊಡುತ್ತಾರೆ, ಹಿಂದಿನ ಟಯರು ಎಷ್ಟು ಸವೆದಿದೆ ಎಂದು ಬೆರಳಿಟ್ಟು ನೋಡುತ್ತಾರೆ. ಸ್ಟೇರಿಂಗ್ ಸರದಿ ಬರುವುದು ಕೊನೆಗೆ. ಅದು ಬಿಗಿಯಿದ್ದರೆ ಮಾರುವವರ ಬಾಯಲ್ಲಿ ಉತ್ತರ ಸಿದ್ಧ: ‘ಪವರ್ ಸ್ಟೇರಿಂಗ್ ಅಲ್ವಲ್ಲ ಅಣ್ಣಾ, ಹಳೇ ಗಾಡಿ ಅಂದ್ಮೇಲೆ ಇಷ್ಟು ಇರೋದೇ.’

ಈ ಮಾತು ಅರ್ಧ ನಿಜ. ನಿಂತ ಟ್ರ್ಯಾಕ್ಟರಿನ ಸ್ಟೇರಿಂಗ್ ತಿರುಗಿಸಲು ಬಲ ಬೇಕೇ ಬೇಕು. ಆದರೆ ನಿಧಾನವಾಗಿ ಚಲಿಸುತ್ತಿರುವ ಟ್ರ್ಯಾಕ್ಟರಿನಲ್ಲೂ ಎರಡು ಕೈ ಹಾಕಿ ಎಳೆಯಬೇಕಾಗಿ ಬಂದರೆ ಅದಕ್ಕೆ ವಯಸ್ಸು ಕಾರಣವಲ್ಲ. ಎಲ್ಲೋ ಒಂದು ಕಡೆ ಲೋಹ ಲೋಹವನ್ನು ಹಿಡಿದುಕೊಂಡಿದೆ. ಎಲ್ಲಿ ಎನ್ನುವುದೇ ಪ್ರಶ್ನೆ. ಒಂದು ಜಾಕ್, ಒಂದೆರಡು ಸ್ಪ್ಯಾನರ್ ಇದ್ದರೆ ಮಾರುವವರ ಅಂಗಳದಲ್ಲೇ ಅದನ್ನು ಪತ್ತೆ ಮಾಡಬಹುದು.

ನಲವತ್ತು ಅಶ್ವಶಕ್ತಿ ಆಸುಪಾಸಿನ ಟ್ರ್ಯಾಕ್ಟರು ಸುಮಾರು 1,800 ಕಿಲೋ ತೂಗುತ್ತದೆ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಮುಂದಿನ ಎರಡು ಸಣ್ಣ ಟಯರುಗಳ ಮೇಲಿರುತ್ತದೆ. ಗಾಡಿ ನಿಂತಿದ್ದಾಗ ಸ್ಟೇರಿಂಗ್ ತಿರುಗಿಸಿದರೆ ನೆಲ ಮುಟ್ಟಿದ ರಬ್ಬರು ಅಲ್ಲೇ ಉಜ್ಜಿಕೊಂಡು ತಿರುಗಬೇಕು, ಪೂರ್ತಿ ಭಾರ ಹಾಕಿ ನಿಂತ ಕಾಲನ್ನು ಎತ್ತದೆ ಚಪ್ಪಲಿ ತಿರುಗಿಸಿದ ಹಾಗೆ. ಗಾಡಿ ಒಂದಿಷ್ಟು ಉರುಳಿದರೂ ಸಾಕು, ಈ ಉಜ್ಜಾಟ ಬಹುಪಾಲು ಇಲ್ಲವಾಗುತ್ತದೆ. ಹಾಗಾಗಿ ಮೊದಲ ಪರೀಕ್ಷೆಗೆ ಹತಾರವೇ ಬೇಡ. ಮುಂದಿನ ಟಯರಿಗೆ ಸರಿಯಾಗಿ ಗಾಳಿ ತುಂಬಿಸಿ, ಗಟ್ಟಿ ನೆಲದ ಮೇಲೆ ಮೊದಲ ಗೇರಿನಲ್ಲಿ ಓಡಿಸಿ ತಿರುಗಿಸಿ. ಗಾಳಿ ಕಡಿಮೆಯಿದ್ದರೆ ಟಯರು ಅಗಲವಾಗಿ ಕುಳಿತು ಬಿಗಿತ ಹೆಚ್ಚುತ್ತದೆ. ಅದಷ್ಟೇ ಕಾರಣವಾಗಿದ್ದರೆ ವ್ಯವಹಾರದಲ್ಲಿ ಇದೊಂದು ವಿಷಯವೇ ಅಲ್ಲ. ಮುಂದುಗಡೆ ಕಬ್ಬಿಣದ ತೂಕ ಕಟ್ಟಿದ್ದಾರೆಯೇ ಎಂದೂ ನೋಡಿ. ಕಬ್ಬಿನ ಲೋಡು ಎಳೆಯುವಾಗ ಮೂತಿ ಮೇಲೇಳದಿರಲೆಂದು ಹಾಕಿದ ತೂಕ ಕೆಲವು ಗಾಡಿಗಳಲ್ಲಿ ವರ್ಷವಿಡೀ ಹಾಗೇ ಉಳಿದಿರುತ್ತದೆ.

ಓಡುವಾಗಲೂ ಬಿಗಿಯೆನ್ನಿಸಿದರೆ ಜಾಕ್ ತನ್ನಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ನೆಲ ಬಿಡುವಷ್ಟು ಎತ್ತಿ, ಕೆಳಗೆ ಮರದ ದಿಮ್ಮಿ ಇಡಿ. ಜಾಕನ್ನೊಂದೇ ನಂಬಬೇಡಿ. ಈಗ ಸ್ಟೇರಿಂಗ್ ತಿರುಗಿಸಿದಾಗಲೂ ಬಿಗಿಯಿದ್ದರೆ ಟಯರಿನ ತಪ್ಪಲ್ಲ. ಮುಂದಿನ ಹೆಜ್ಜೆಯಾಗಿ ಡ್ರ್ಯಾಗ್ ಲಿಂಕಿನ ಒಂದು ತುದಿ ಬಿಚ್ಚಿ. ಸ್ಟೇರಿಂಗ್ ಪೆಟ್ಟಿಗೆಯನ್ನೂ ಚಕ್ರವನ್ನೂ ಜೋಡಿಸುವ ಉದ್ದನೆಯ ರಾಡು ಅದು. ಬಿಚ್ಚಿದ ಮೇಲೆ ಸ್ಟೇರಿಂಗ್ ಸಲೀಸಾಗಿ ತಿರುಗಿ ಚಕ್ರವನ್ನು ಕೈಯಿಂದ ತಳ್ಳಿದಾಗ ಗಟ್ಟಿಯೆನಿಸಿದರೆ ರೋಗ ಕೆಳಗಿದೆ. ಚಕ್ರ ಸಲೀಸು, ಸ್ಟೇರಿಂಗ್ ಬಿಗಿ ಎಂದಾದರೆ ರೋಗ ಪೆಟ್ಟಿಗೆಯಲ್ಲೋ ಸ್ಟೇರಿಂಗ್ ಕಂಬದಲ್ಲೋ ಇದೆ. ಪೆಟ್ಟಿಗೆಯ ಎರಡೂ ಬದಿಗೆ ಡ್ರಾಪ್ ಆರ್ಮ್ (ಡ್ರ್ಯಾಗ್ ಲಿಂಕನ್ನು ಹಿಡಿದು ಆಡಿಸುವ ತೋಳು) ಇರುವ ಮಾದರಿಗಳಲ್ಲಿ ಇನ್ನೂ ಅನುಕೂಲ. ಎರಡೂ ಲಿಂಕ್ ಬಿಚ್ಚಿದರೆ ಎಡಚಕ್ರ, ಬಲಚಕ್ರ ಬೇರೆ ಬೇರೆಯಾಗಿ ಸಿಗುತ್ತವೆ. 1946ರಲ್ಲಿ ಬಂದ ಫರ್ಗ್ಯೂಸನ್ ಟಿಇ20 ಟ್ರ್ಯಾಕ್ಟರಿನಲ್ಲೂ ಇದೇ ಏರ್ಪಾಡಿತ್ತು.

ಕೆಳಗಿನ ರೋಗಿ ಬಹುಪಾಲು ಕಿಂಗ್ ಪಿನ್. ಚಕ್ರ ಎಡಬಲಕ್ಕೆ ತಿರುಗುವುದು ಈ ಲಂಬವಾದ ಕಬ್ಬಿಣದ ಗೂಟದ ಸುತ್ತ. ಗೂಟಕ್ಕೂ ಅದರ ಬುಷ್‌ಗೂ ನಡುವೆ ಗ್ರೀಸು ಇರಬೇಕು. ಗಂಗಾವತಿ, ಸಿಂಧನೂರಿನಂಥ ಭತ್ತದ ಸೀಮೆಯಲ್ಲಿ ಕೇಜ್ ವೀಲ್ ಕಟ್ಟಿಕೊಂಡು ಕೆಸರು ಗದ್ದೆಯಲ್ಲಿ ದುಡಿದ ಟ್ರ್ಯಾಕ್ಟರಾದರೆ ಅಲ್ಲಿಗೆ ನೀರು ಹೊಕ್ಕು, ಗ್ರೀಸು ತೊಳೆದುಹೋಗಿ, ತುಕ್ಕೂ ನುಣ್ಣನೆ ಮಣ್ಣೂ ಸೇರಿ ಗಟ್ಟಿಯಾಗಿರುತ್ತದೆ. ಗಾಡಿ ಯಾವ ಊರಿನಲ್ಲಿ ದುಡಿದಿತ್ತು ಎಂದು ಕೇಳುವುದು ಸುಮ್ಮನೆ ಕುಶಲೋಪರಿಯಲ್ಲ. ಗ್ರೀಸ್ ಗನ್ ಹಚ್ಚಿ ಒತ್ತಿ ನೋಡಿ. ಹಳೇ ಗ್ರೀಸು ಅಂಚಿನಲ್ಲಿ ಕೊಳಕಾಗಿಯಾದರೂ ಹೊರಬಂದರೆ ಆಸೆಯಿದೆ. ಎಷ್ಟು ಒತ್ತಿದರೂ ಒಳಗೆ ಹೋಗದಿದ್ದರೆ ದಾರಿ ಕಟ್ಟಿದೆ, ಬಿಚ್ಚದೆ ಗತಿಯಿಲ್ಲ. ಪ್ರತಿ ನಿಪ್ಪಲಿನಲ್ಲೂ ಹೊಸ ಗ್ರೀಸು ಮಿರಮಿರ ಮಿಂಚುತ್ತಿದ್ದರೆ ನನಗೆ ಸಂತೋಷಕ್ಕಿಂತ ಅನುಮಾನವೇ ಜಾಸ್ತಿ.

ಜಾಕಿನ ಪರೀಕ್ಷೆ ಮೋಸ ಮಾಡುವ ಜಾಗವೂ ಇಲ್ಲೇ ಇದೆ. ಆಕ್ಸಲ್ಲಿನ ಭಾರವನ್ನು ಚಕ್ರದ ಸ್ಪಿಂಡಲ್ಲಿಗೆ ದಾಟಿಸುವುದು ಒಂದು ಥ್ರಸ್ಟ್ ಬೇರಿಂಗ್. ಅದರ ಗುಂಡುಗಳು ಪುಡಿಯಾಗಿದ್ದರೂ ಗಾಡಿ ಎತ್ತಿದೊಡನೆ ಚಕ್ರ ಕೆಳಗೆ ಜೋತುಬಿದ್ದು ಬೇರಿಂಗಿನ ಮೇಲಿನ ಭಾರ ಹೊರಟುಹೋಗುತ್ತದೆ. ಸ್ಟೇರಿಂಗ್ ಹಗುರವಾಗಿ ತಿರುಗುತ್ತದೆ. ‘ನೋಡಿ, ಏನೂ ಇಲ್ಲ, ಟಯರಿಂದ ಅಷ್ಟೆ’ ಎನ್ನುತ್ತಾರೆ ಮಾರುವವರು. ಇಳಿಸಿದೊಡನೆ ಮತ್ತೆ ಬಿಗಿ. ಟಯರಿನ ಬಿಗಿತವನ್ನೂ ಬೇರಿಂಗಿನ ಬಿಗಿತವನ್ನೂ ಬೇರ್ಪಡಿಸಲು ಹಳೇ ಮೇಸ್ತ್ರಿಗಳ ಉಪಾಯವೊಂದಿದೆ. ಒಂದೊಂದು ಚಕ್ರದ ಕೆಳಗೂ ಎರಡೆರಡು ದಪ್ಪ ತಗಡು, ಅವುಗಳ ನಡುವೆ ಗ್ರೀಸು. ಅದರ ಮೇಲೆ ಗಾಡಿ ಇಳಿಸಿದರೆ ಭಾರ ಪೂರ್ತಿ ಬೀಳುತ್ತದೆ, ಆದರೆ ರಬ್ಬರು ನೆಲಕ್ಕೆ ಉಜ್ಜುವುದಿಲ್ಲ. ಆಗಲೂ ಬಿಗಿಯೇ ಇದ್ದರೆ ಥ್ರಸ್ಟ್ ಬೇರಿಂಗ್ ಹೋಗಿದೆ ಎಂದು ಧೈರ್ಯವಾಗಿ ಹೇಳಬಹುದು.

ತಿರುವಿನಲ್ಲಿ ಮಾತ್ರ ಎಳೆದಾಡುವ ಗಾಡಿಗಳದು ಬೇರೆ ಕಥೆ. ತಿರುಗುವಾಗ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಹೆಚ್ಚು ಓರೆಯಾಗಬೇಕು, ಏಕೆಂದರೆ ಅದು ಸುತ್ತುವ ವೃತ್ತ ಚಿಕ್ಕದು. ಜರ್ಮನಿಯ ಗಾಡಿ ತಯಾರಕ ಲ್ಯಾಂಕೆನ್ಸ್‌ಪರ್ಗರ್ ಕುದುರೆಗಾಡಿಗಾಗಿ ಕಂಡುಹಿಡಿದ ಈ ಜೋಡಣೆಗೆ ಅವನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್ಮನ್, 1818ರಲ್ಲಿ. ಹೆಸರು ಉಳಿದದ್ದು ಆಕರ್ಮನ್‌ನದೇ. ಬದುವಿಗೋ ಬಂಡೆಗೋ ಗುದ್ದಿ ರಾಡು ಬಾಗಿದ್ದರೆ ಈ ಲೆಕ್ಕ ತಪ್ಪುತ್ತದೆ. ಒಂದು ಚಕ್ರ ಇನ್ನೊಂದನ್ನು ಅಡ್ಡಕ್ಕೆ ಎಳೆಯುತ್ತದೆ. ಮುಂದಿನ ಟಯರಿನ ಅಂಚನ್ನು ಅಂಗೈಯಿಂದ ಸವರಿ ನೋಡಿ, ಒಂದೇ ದಿಕ್ಕಿಗೆ ಗರಗಸದ ಹಲ್ಲಿನಂತೆ ಸವೆದಿರುತ್ತದೆ.

ಇನ್ನು ಪೆಟ್ಟಿಗೆ. ನನ್ನ ದೃಷ್ಟಿಯಲ್ಲಿ ಕೊಳ್ಳುವವರು ನಿಜಕ್ಕೂ ಹೆದರಬೇಕಾದದ್ದು ಇದಕ್ಕೆ. ಎಣ್ಣೆ ಇಲ್ಲದೆ ಒಣಗಿದ್ದರೆ ಬಿಗಿಯಾಗುತ್ತದೆ, ಅದು ಮುಚ್ಚಳ ಬಿಚ್ಚಿದರೆ ಗೊತ್ತಾಗುತ್ತದೆ. ಗೊತ್ತಾಗದ್ದು ಸ್ಕ್ರೂ ಕೈಚಳಕ. ವರ್ಷಾನುಗಟ್ಟಲೆ ಓಡಿದ ಪೆಟ್ಟಿಗೆಯ ಹಲ್ಲುಗಳು ನಡುವಿನಲ್ಲೇ ಹೆಚ್ಚು ಸವೆಯುತ್ತವೆ, ಏಕೆಂದರೆ ಗಾಡಿ ಹೆಚ್ಚು ಹೊತ್ತು ಓಡುವುದು ನೆಟ್ಟಗೆ. ಆಗ ಸ್ಟೇರಿಂಗಿನಲ್ಲಿ ಪ್ಲೇ, ಅಂದರೆ ಸಡಿಲ, ಬರುತ್ತದೆ. ಮಾರುವ ಮುಂಚೆ ಪೆಟ್ಟಿಗೆಯ ಅಡ್ಜಸ್ಟಿಂಗ್ ಸ್ಕ್ರೂ ಬಿಗಿದರೆ ಆ ಪ್ಲೇ ಮಾಯ. ಆದರೆ ಅಷ್ಟಾಗಿ ಸವೆಯದ ಎರಡು ಬದಿಯ ಹಲ್ಲುಗಳು ಈಗ ಕಚ್ಚಿಕೊಳ್ಳುತ್ತವೆ. ಹೀಗಾಗಿ ಲಿಂಕ್ ಬಿಚ್ಚಿ ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸಿ. ನಡುವೆ ಸಲೀಸು, ಎರಡೂ ಕಡೆ ಹೋದಂತೆ ಬಿಗಿ ಎಂದಾದರೆ ಸವೆದ ಪೆಟ್ಟಿಗೆಯನ್ನು ಬಿಗಿದು ಮಾರುತ್ತಿದ್ದಾರೆ. ಸುತ್ತಿನುದ್ದಕ್ಕೂ ಗರಗರ ಎಂದರೆ ಒಳಗಿನ ಗುಂಡುಗಳು ಹೋಗಿವೆ.

ಪವರ್ ಸ್ಟೇರಿಂಗ್ ಇರುವ ಹಳೇ ಗಾಡಿಯಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಹಗುರಾದರೆ ಪಂಪು ಸೋತಿದೆ. ಒಂದು ಕಡೆಗಷ್ಟೇ ಬಿಗಿಯಾದರೆ ಸಿಲಿಂಡರನ್ನೋ ವಾಲ್ವನ್ನೋ ಅನುಮಾನಿಸಿ. ಎಣ್ಣೆಯಲ್ಲಿ ನೊರೆಯಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಪಂಪಿನ ಬಲ ಕೆಳಗಿನ ಕಿಂಗ್ ಪಿನ್ನಿನ ಬಿಗಿತವನ್ನು ಮುಚ್ಚಿಡಬಲ್ಲದು, ಆದ್ದರಿಂದ ಸಿಲಿಂಡರಿನ ಪಿನ್ ಬಿಚ್ಚಿ ಚಕ್ರವನ್ನು ಕೈಯಿಂದ ತಳ್ಳಿ ನೋಡುವುದು ಇಲ್ಲೂ ತಪ್ಪಬಾರದು.

ಒಣಗಿದ ಕಿಂಗ್ ಪಿನ್, ಹೋದ ಥ್ರಸ್ಟ್ ಬೇರಿಂಗ್, ಸವೆದ ಬುಷ್ ಇವೆಲ್ಲ ಬೆಲೆ ಇಳಿಸಲು ಒಳ್ಳೆಯ ಕಾರಣಗಳು, ಗಾಡಿ ಬಿಡಲು ಅಲ್ಲ. ಪೆಟ್ಟಿಗೆ ಹೋಗಿದ್ದರೆ ಹೊಸ ಪೆಟ್ಟಿಗೆ ಎಷ್ಟಾಗುತ್ತದೆ, ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸಿದ ಮೇಲೆ ಮಾತಾಡಿ. ಎಚ್‌ಎಂಟಿಯಂಥ, ತಯಾರಿಕೆಯೇ ನಿಂತುಹೋದ ಟ್ರ್ಯಾಕ್ಟರುಗಳಿಗೆ ಇದು ಇನ್ನೂ ಮುಖ್ಯ. ಆದರೆ ಸ್ಟೇರಿಂಗ್ ಆರ್ಮಿನಲ್ಲೋ ಸ್ಪಿಂಡಲ್ಲಿನಲ್ಲೋ ವೆಲ್ಡಿಂಗ್ ಗುರುತು ಕಂಡರೆ ಬೆಲೆ ಮಾತಾಡಲೇಬೇಡಿ. ತುಂಬಿದ ಟ್ರೇಲರ್ ಹಿಂದಿಟ್ಟುಕೊಂಡು ಇಳಿಜಾರಿನಲ್ಲಿ ಬರುವಾಗ ಅದು ಮುರಿದರೆ ಸ್ಟೇರಿಂಗ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ.