ಫೌಜಿ ಮನೆಯ ಮಕ್ಕಳ ಸ್ಕಾಲರ್‌ಶಿಪ್: ಮೊದಲ ವರ್ಷ ತಪ್ಪಿದರೆ ಮುಗೀತು

ಸವಣೂರಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಎಪಿಸೋಡ್ ಮಾಜಿ ಸೈನಿಕರ ಮಕ್ಕಳ ಓದಿನ ದುಡ್ಡಿನ ಬಗ್ಗೆ. ನಿಮ್ಮ ಮನೆಯಲ್ಲಿ ಫೌಜಿಗಳು ಇಲ್ಲದಿದ್ರೂ ಕೇಳಿ, ಓಣಿಯಲ್ಲಿ ಒಬ್ಬರಾದರೂ ಇರ್ತಾರೆ, ಅವರಿಗೆ ಕಳಿಸಿ.

ನಮ್ಮ ಓಣಿಯಲ್ಲೂ ಒಬ್ಬ ನಿವೃತ್ತ ಹವಾಲ್ದಾರ್ ಕಾಕಾ ಇದ್ದಾರೆ. ಮಗಳಿಗೆ ಬಿ.ಎಸ್ಸಿ ನರ್ಸಿಂಗ್ ಸೀಟು ಸಿಕ್ಕಿದೆ, ಫೀಸಿಗೆ ಸಾಲ ಹುಡುಕ್ತಿದ್ರು. ಸ್ಕಾಲರ್‌ಶಿಪ್ ಹಾಕಿದ್ರಾ ಅಂದೆ. “ಅದು ಯುದ್ಧದಾಗ ತೀರಿಕೊಂಡವರ ಮಕ್ಕಳಿಗೆ ಅಲ್ಲೇನೋ ತಮ್ಮಾ?” ಅಂದ್ರು.

ಅಲ್ಲ. ಬಹಳ ಜನ ಹಿಂಗೇ ತಿಳ್ಕೊಂಡು ಬಿಟ್ಟುಬಿಡ್ತಾರೆ. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆ 2006-07ರಿಂದ ಇದೆ, ಕೇಂದ್ರೀಯ ಸೈನಿಕ ಮಂಡಳಿ ನಡೆಸುತ್ತೆ. ಹುತಾತ್ಮರ, ಅಂಗವಿಕಲರಾದ ಯೋಧರ ಕುಟುಂಬಕ್ಕೆ ಮೊದಲ ಆದ್ಯತೆ ನಿಜ. ಆದರೆ ಸೇವೆ ಮುಗಿಸಿ ಸುಮ್ಮನೆ ಊರಿಗೆ ಬಂದ ಜವಾನರ ಮಕ್ಕಳೂ ಅರ್ಜಿ ಹಾಕಬಹುದು. ಇಡೀ ದೇಶಕ್ಕೆ ವರ್ಷಕ್ಕೆ 5,500, ಅರ್ಧ ಹುಡುಗಿಯರಿಗೆ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಕಾಕಾನ ಮಗಳ ಲೆಕ್ಕ ಹಾಕಿ: ವರ್ಷಕ್ಕೆ 36,000, ನಾಲ್ಕು ವರ್ಷಕ್ಕೆ 1,44,000. ಸಾಲ ಆದ್ರೆ ಬಡ್ಡಿ ಬೇರೆ.

ಷರತ್ತುಗಳು ಇವೆ. ಪಿಯುಸಿಯಲ್ಲಿ 60 ಪರ್ಸೆಂಟ್ ಬೇಕು. ಎಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್, ಬಿಬಿಎ, ಬಿಸಿಎ ಥರದ ವೃತ್ತಿಪರ ಕೋರ್ಸಿಗೆ ಮಾತ್ರ. ನಾನು ಓದಿದ ಬಿಕಾಂ ಪಟ್ಟಿಯಲ್ಲೇ ಇಲ್ಲ, ಅದೇಕೋ ನನಗೆ ಸರಿ ಕಾಣಲ್ಲ. ಎಲ್ಲಕ್ಕಿಂತ ಮುಖ್ಯ, ಅರ್ಜಿ ಹಾಕಬೇಕಾದ್ದು ಮೊದಲ ವರ್ಷದಲ್ಲೇ. ಎರಡನೇ ವರ್ಷಕ್ಕೆ ಹೋದ ಮೇಲೆ ಗೊತ್ತಾದ್ರೆ ಪ್ರಯೋಜನ ಇಲ್ಲ. ಸಿಕ್ಕ ಮೇಲೂ ಪ್ರತಿ ವರ್ಷ 50 ಪರ್ಸೆಂಟ್ ತೆಗೆದು ನವೀಕರಿಸಬೇಕು.

ಬಿಕಾಂ, ಬಿಎ ಓದೋರಿಗೆ, ಶಾಲೆಯಲ್ಲಿರೋ ಮಕ್ಕಳಿಗೆ ಇನ್ನೊಂದು ದಾರಿ ಇದೆ: ಅದೇ ಮಂಡಳಿಯ ಶಿಕ್ಷಣ ಅನುದಾನ. ಒಂದನೇ ಕ್ಲಾಸಿನಿಂದ ಪದವಿವರೆಗೆ, ಇಬ್ಬರು ಮಕ್ಕಳಿಗೆ. ತಿಂಗಳಿಗೆ 1,000 ಇದ್ದದ್ದು 2025ರ ನವೆಂಬರ್ 1ರಿಂದ ಹಾಕೋ ಅರ್ಜಿಗಳಿಗೆ 2,000 ಆಗಿದೆ. ಇದು ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರಿಗೆ, ಅವರ ವಿಧವೆಯರಿಗೆ. ಎರಡೂ ಒಟ್ಟಿಗೆ ಸಿಗುತ್ತೆ ಅಂತ ಮಾತ್ರ ಲೆಕ್ಕ ಹಾಕಬೇಡ್ರಿ.

ಅರ್ಜಿ ಆನ್‌ಲೈನ್, ಮೊಬೈಲಲ್ಲೇ ಶುರು ಮಾಡಬಹುದು. ಕಷ್ಟ ಇರೋದು ಕಾಗದದಲ್ಲಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಮಕ್ಕಳ ಹೆಸರು, ಹುಟ್ಟಿದ ತಾರೀಖು ಇರಬೇಕು, ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಬೇಕು. ನಮ್ಮ ಕಡೆ ಹೆಸರಿನ ಕಥೆ ಗೊತ್ತಲ್ಲ: ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಇರೋದೇ ಇಲ್ಲ. ಇದನ್ನ ತಿದ್ದೋದು ತಾಲೂಕು ಆಫೀಸಲ್ಲಿ ಅಲ್ಲ, ಅಪ್ಪನ ರೆಜಿಮೆಂಟಿನ ರೆಕಾರ್ಡ್ ಆಫೀಸಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿ ಆದ್ರೆ ಬೆಳಗಾವಿ, ಹತ್ತಿರ. ಇಎಂಇ ಆದ್ರೆ ಸಿಕಂದರಾಬಾದ್, ಸಿಗ್ನಲ್ಸ್ ಆದ್ರೆ ಜಬಲ್ಪುರ. ಸೀಟು ಸಿಕ್ಕ ಮೇಲೆ ಈ ಕೆಲಸ ಶುರು ಮಾಡಿದ್ರೆ ಕೊನೆ ದಿನಾಂಕ ದಾಟಿಹೋಗಬಹುದು. ಹಾಗಾಗಿ ಪಿಯುಸಿಯಲ್ಲಿದ್ದಾಗಲೇ ಬುಕ್ ತೆಗೆದು ನೋಡ್ರಿ. ಅಪ್ಪನ ಹೆಸರು ಸೈನಿಕ ಕಲ್ಯಾಣ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತಲೂ ಕೇಳ್ರಿ, ಆ ಕಚೇರಿಯ ದೃಢೀಕರಣ ಇಲ್ಲದೆ ಅರ್ಜಿ ಮುಂದೆ ಹೋಗಲ್ಲ. ಸಿಇಟಿ ಅರ್ಜಿಯಲ್ಲಿ ಮಾಜಿ ಸೈನಿಕರ ಮಕ್ಕಳ ವಿಶೇಷ ವರ್ಗ ಇರುತ್ತೆ, ಅದನ್ನೂ ಟಿಕ್ ಮಾಡೋದು ಮರೀಬೇಡಿ.

ಅಗ್ನಿವೀರ್ ಆಗೋಕೆ ಬೆಳಗ್ಗೆ ಓಡ್ತಿರೋ ಗೆಳೆಯರೇ, ನಾಲ್ಕು ವರ್ಷ ಮುಗಿಸಿ ಬಂದವರಿಗೆ ಮಾಜಿ ಸೈನಿಕ ಅನ್ನೋ ಸ್ಥಾನಮಾನ ಇಲ್ಲ. ಅಂದ್ರೆ ಇವತ್ತು ಹೇಳಿದ ಈ ಯೋಜನೆಗಳು ನಿಮಗೆ ಲೆಕ್ಕಕ್ಕಿಲ್ಲ. ನಿಮಗಿರೋದು ಇಗ್ನೋ ವಿಶ್ವವಿದ್ಯಾಲಯದ ಕೌಶಲ ಆಧಾರಿತ ಪದವಿ, ಅದರ ಅರ್ಧ ಕ್ರೆಡಿಟ್ ಸೇವೆಯಲ್ಲಿನ ತರಬೇತಿಯಿಂದಲೇ ಬರುತ್ತೆ. ಯೂನಿಫಾರ್ಮಿನಲ್ಲಿ ಇರುವಾಗಲೇ ಸೇರಿಕೊಳ್ಳಿ.